ಹೆಸರಿನ ಮುಂದೆ ಬರೆದ ಪದ

ನಾನು ಎಂಟನೆಯ ತರಗತಿಗೆ ಸೇರಿದ್ದು 1983ರ ಜೂನ್ ತಿಂಗಳಲ್ಲಿ, ಸಿಸ್ಟರುಗಳು ನಡೆಸುತ್ತಿದ್ದ ಒಂದು ಕಾನ್ವೆಂಟು ಶಾಲೆಗೆ. ಹಂಚಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಅಪ್ಪನಿಗೆ ಅದರ ಹಿಂದಿನ ವರ್ಷವಷ್ಟೇ ಕೆಲಸ ಹೋಗಿತ್ತು. ಅಮ್ಮ ಬೀಡಿ ಕಟ್ಟಿ ತರುತ್ತಿದ್ದ ದುಡ್ಡಿನಲ್ಲಿ ಮನೆ ನಡೆಯುತ್ತಿತ್ತು. ನನ್ನ ಫೀಸು ಮಾಫಿ ಮಾಡಬೇಕೆಂದು ಅಪ್ಪ ಯಾರಿಂದಲೋ ಬರೆಸಿ ಕೊಟ್ಟ ಅರ್ಜಿಗೆ ಮುಖ್ಯೋಪಾಧ್ಯಾಯಿನಿಯಾಗಿದ್ದ ಸಿಸ್ಟರ್ ಮರುಮಾತಿಲ್ಲದೆ ಒಪ್ಪಿಕೊಂಡರು. ಅಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ತಿಂಗಳಿಗೊಮ್ಮೆ ಆಫೀಸಿನ ಗುಮಾಸ್ತರು ದೊಡ್ಡ ರಿಜಿಸ್ಟರನ್ನು ತರಗತಿಗೇ ತಂದು ಒಬ್ಬೊಬ್ಬರ ಹೆಸರು ಕೂಗುತ್ತಿದ್ದರು. ಉಳಿದವರ ಹೆಸರಿನ ಮುಂದೆ ರೂಪಾಯಿಯ ಲೆಕ್ಕ ಇರುತ್ತಿತ್ತು. ನನ್ನ ಹೆಸರು ಬಂದಾಗ ಅವರು ಕನ್ನಡಕ ಸರಿಮಾಡಿಕೊಂಡು, ಕೆಂಪು ಶಾಯಿಯಲ್ಲಿ ಬರೆದಿದ್ದ ಒಂದು ಪದವನ್ನು ಗಟ್ಟಿಯಾಗಿ ಓದುತ್ತಿದ್ದರು: "ಚಾರಿಟಿ".

ಆ ಪದದ ಅರ್ಥ ನನಗಾಗಲಿ, ನನ್ನ ಪಕ್ಕದಲ್ಲಿ ಕುಳಿತವಳಿಗಾಗಲಿ ಗೊತ್ತಿರಲಿಲ್ಲ. ಆದರೆ ಅದು ಹಣ ಕೊಡದವರಿಗೆ ಸೇರಿದ ಪದ ಎಂಬುದು ಎಲ್ಲರಿಗೂ ಗೊತ್ತಾಯಿತು. ಮನೆಗೆ ಬಂದು ಅತ್ತೆ. ಅಮ್ಮ ಬೀಡಿ ಸೂಪಿನಿಂದ ತಲೆಯೆತ್ತದೆ, "ಓದಿದರೆ ಓದಲಿ ಮಗಾ, ಫೀಸು ಕಟ್ಟುವುದು ತಪ್ಪಿತಲ್ಲ" ಎಂದರು. ಮುಂದೆ ನಿಘಂಟು ನೋಡುವುದನ್ನು ಕಲಿತಾಗ ನಾನು ಮೊದಲು ಹುಡುಕಿದ ಇಂಗ್ಲಿಷ್ ಪದ ಇದೇ. ದಾನ, ಧರ್ಮ, ಭಿಕ್ಷೆ ಎಂದೆಲ್ಲ ಅರ್ಥ ಕೊಟ್ಟಿತ್ತು. ಕೊನೆಯಲ್ಲಿ ಇನ್ನೊಂದು ಅರ್ಥವೂ ಇತ್ತು: ಪ್ರೀತಿ. ನನ್ನ ಹೆಸರಿನ ಮುಂದಿದ್ದುದು ಇವುಗಳಲ್ಲಿ ಯಾವುದು ಎಂಬ ಪ್ರಶ್ನೆ ಅಂದಿನಿಂದ ನನ್ನ ಜೊತೆಗೇ ಇದೆ. ನಾನು ಆ ಮತದವಳಲ್ಲ. ಇತಿಹಾಸ ಪಾಠ ಮಾಡುವ ಒಬ್ಬ ಹೈಸ್ಕೂಲು ಟೀಚರ್. ಆದರೂ ಒಂದು ಪದ ಒಬ್ಬಳ ಬಾಲ್ಯವನ್ನು ಮುಟ್ಟಿದ ಮೇಲೆ ಅದರ ಹಿಂದುಮುಂದನ್ನು ವಿಚಾರಿಸುವ ಹಕ್ಕು ಅವಳಿಗೆ ಇರುತ್ತದೆ ಎಂದು ನಂಬಿದ್ದೇನೆ.

ಆ ಪದದ ಬೇರು ಹುಡುಕಿಕೊಂಡು ಹೋದರೆ ಗ್ರೀಸಿನ ಕೊರಿಂಥ ಪಟ್ಟಣಕ್ಕೆ ತಲಪುತ್ತೇವೆ. ಕ್ರಿಸ್ತಶಕ 50ರ ದಶಕದ ನಡುಭಾಗದಲ್ಲಿ ಸಂತ ಪೌಲ ಅಲ್ಲಿನ ಪುಟ್ಟ ಕ್ರೈಸ್ತ ಸಮುದಾಯಕ್ಕೆ ಒಂದು ಪತ್ರ ಬರೆದ. ಅದರ ಹದಿಮೂರನೆಯ ಅಧ್ಯಾಯ ಪ್ರೀತಿಯನ್ನು ಕುರಿತದ್ದು. ಇಂದಿಗೂ ಕ್ರೈಸ್ತರ ಮದುವೆಗಳಲ್ಲಿ ಅದನ್ನು ಓದುವುದುಂಟು. ಹೀಗಾಗಿ ಅದು ಮದುವೆಯ ಮಂಗಳಗೀತೆ ಎಂದೇ ಬಹಳ ಜನ ತಿಳಿದಿದ್ದಾರೆ. ಎರಡು ಅಧ್ಯಾಯ ಹಿಂದಕ್ಕೆ ಹೋಗಿ ಓದಿದರೆ ಬೇರೆಯೇ ಚಿತ್ರ ಕಾಣುತ್ತದೆ. ಕೊರಿಂಥದ ಆ ಜನ ಒಟ್ಟಿಗೆ ಊಟಕ್ಕೆ ಸೇರುತ್ತಿದ್ದರು. ಉಳ್ಳವರು ತಮ್ಮ ಊಟವನ್ನು ತಾವೇ ಮೊದಲು ಮುಗಿಸುತ್ತಿದ್ದರು, ಇಲ್ಲದವರು ಹಸಿದು ಕೂರುತ್ತಿದ್ದರು. ಒಬ್ಬನಿಗೆ ಹಸಿವು, ಇನ್ನೊಬ್ಬನಿಗೆ ಅಮಲು ಎಂದು ಪೌಲ ಅವರನ್ನು ಗದರಿಸುತ್ತಾನೆ. ಪ್ರೀತಿಯ ಮಾತು ಹುಟ್ಟಿದ್ದು ಈ ಊಟದ ಪಂಕ್ತಿಯ ಜಗಳದ ನಡುವೆ. ಬಿಸಿಯೂಟದ ಸಾಲಿನಲ್ಲಿ ಮಕ್ಕಳನ್ನು ಕೂರಿಸಿ ಅಭ್ಯಾಸವಿರುವ ನನ್ನಂಥವರಿಗೆ ಇದು ತಟ್ಟನೆ ಅರ್ಥವಾಗುತ್ತದೆ.

ಪೌಲ ಬಳಸಿದ ಗ್ರೀಕ್ ಪದ 'ಅಗಾಪೆ'. ಗ್ರೀಕರಲ್ಲಿ ಪ್ರೀತಿಗೆ ಬೇರೆ ಪದಗಳೂ ಇದ್ದವು. ಗಂಡುಹೆಣ್ಣಿನ ಸೆಳೆತಕ್ಕೆ 'ಎರೋಸ್', ಗೆಳೆತನಕ್ಕೆ 'ಫಿಲಿಯಾ'. ಹೊಸ ಒಡಂಬಡಿಕೆಯ ಇಡೀ ಪುಸ್ತಕದಲ್ಲಿ 'ಎರೋಸ್' ಎಂಬ ಪದ ಒಮ್ಮೆಯೂ ಬರುವುದಿಲ್ಲ. ನಾಲ್ಕನೆಯ ಶತಮಾನದ ಕೊನೆಯ ಹೊತ್ತಿಗೆ ಬೈಬಲ್ಲಿನ ಲ್ಯಾಟಿನ್ ಪಾಠ ಸಿದ್ಧವಾಗುತ್ತಿದ್ದಾಗ ಪೌಲನ ಆ ಅಧ್ಯಾಯದ 'ಅಗಾಪೆ'ಗೆ 'ಕಾರಿತಾಸ್' ಎಂಬ ಪದ ನಿಂತಿತು. 'ಕಾರುಸ್' ಎಂದರೆ ಪ್ರಿಯವಾದದ್ದು, ಬೆಲೆಯುಳ್ಳದ್ದು. ಯಾವುದು ನಮಗೆ ಬೆಲೆಯುಳ್ಳದ್ದೋ ಅದರ ಬಗೆಗಿನ ಭಾವ ಕಾರಿತಾಸ್. ಇದೇ ಪದ ಫ್ರೆಂಚಿನ ದಾರಿಯಾಗಿ ಇಂಗ್ಲಿಷಿಗೆ ಬಂದು 'ಚಾರಿಟಿ' ಆಯಿತು. ಅಲ್ಲಿಂದ ಹಡಗು ಹತ್ತಿ ಬಂದು ನಮ್ಮ ಶಾಲೆಯ ರಿಜಿಸ್ಟರಿಗೂ ಇಳಿಯಿತು. ಬೆಲೆಯುಳ್ಳದ್ದು ಎಂಬ ಅರ್ಥದಲ್ಲಿ ಹೊರಟ ಪದ ಬೆಲೆ ಕೊಡಲಾಗದವಳ ಹೆಸರಿನ ಮುಂದೆ ಬಂದು ಕುಳಿತದ್ದು ಪದಗಳ ಹಣೆಬರಹ.

ಇದರಲ್ಲಿ ಇನ್ನೊಂದು ವಿಚಿತ್ರವೂ ಇದೆ. ಅದೇ ಅಧ್ಯಾಯದಲ್ಲಿ ಪೌಲ, ಇರುವುದನ್ನೆಲ್ಲ ಬಡವರಿಗೆ ಹಂಚಿದರೂ ಪ್ರೀತಿಯಿಲ್ಲದಿದ್ದರೆ ಅದರಿಂದ ಏನೂ ಪ್ರಯೋಜನವಿಲ್ಲ ಎಂಬ ಅರ್ಥದ ಮಾತು ಹೇಳುತ್ತಾನೆ. ಅಂದರೆ ದಾನ ಬೇರೆ, ಪ್ರೀತಿ ಬೇರೆ, ಮೊದಲನೆಯದು ಎರಡನೆಯದಿಲ್ಲದೆಯೂ ನಡೆದುಹೋಗಬಹುದು ಎಂದು ಆ ಪದದ ಮೊದಲ ಪಾಠವೇ ಎಚ್ಚರಿಸಿತ್ತು. ಹಾಗಿದ್ದೂ ಶತಮಾನಗಳು ಕಳೆದಂತೆ ಜನರ ಬಾಯಲ್ಲಿ ಎರಡೂ ಒಂದೇ ಆಗಿಬಿಟ್ಟವು.

ಒಂಬತ್ತನೆಯ ತರಗತಿಗೆ ಮತ ಸುಧಾರಣೆಯ ಪಾಠ ಮಾಡುವಾಗ ಮಕ್ಕಳು ಪ್ರತಿ ವರ್ಷ ಕೇಳುವ ಪ್ರಶ್ನೆ ಒಂದಿದೆ: "ಒಂದೇ ದೇವರು, ಒಂದೇ ಪುಸ್ತಕ, ಮತ್ತೆ ಜಗಳ ಯಾಕೆ ಟೀಚರ್?" ಪಠ್ಯಪುಸ್ತಕದಲ್ಲಿರುವ ಲೂಥರ್, 1517, ಪಾಪ ವಿಮೋಚನಾ ಪತ್ರಗಳ ಮಾರಾಟ ಇವನ್ನು ಹೇಳಿದ ಮೇಲೆ ನಾನು ಪುಸ್ತಕದಲ್ಲಿಲ್ಲದ ಒಂದು ಕತೆಯನ್ನು ಸೇರಿಸುತ್ತೇನೆ. 1526ರಲ್ಲಿ ವಿಲಿಯಂ ಟಿಂಡೇಲ್ ಎಂಬ ಇಂಗ್ಲಿಷ್ ವಿದ್ವಾಂಸ ಹೊಸ ಒಡಂಬಡಿಕೆಯನ್ನು ಗ್ರೀಕಿನಿಂದ ನೇರವಾಗಿ ಇಂಗ್ಲಿಷಿಗೆ ತಂದು ಜರ್ಮನಿಯ ವರ್ಮ್ಸ್ ಪಟ್ಟಣದಲ್ಲಿ ಅಚ್ಚು ಹಾಕಿಸಿದ. ಅದರಲ್ಲಿ 'ಅಗಾಪೆ'ಗೆ ಅವನು 'ಚಾರಿಟಿ' ಎಂದು ಬರೆಯಲಿಲ್ಲ, 'ಲವ್' ಎಂದು ಬರೆದ. ಕಥೋಲಿಕ ಪಂಡಿತ ಥಾಮಸ್ ಮೋರ್ 1529ರಲ್ಲಿ ಇದನ್ನು ಕಟುವಾಗಿ ಖಂಡಿಸಿದ. ಅವನ ವಾದದ ತಿರುಳು ಇಷ್ಟು: ಎಲ್ಲ ಪ್ರೀತಿಯೂ ಚಾರಿಟಿಯಲ್ಲ, ಒಳ್ಳೆಯ, ಪವಿತ್ರವಾದ ಪ್ರೀತಿ ಮಾತ್ರ ಚಾರಿಟಿ, ಆ ಪದವನ್ನು ಬೀದಿಯ ಪದಕ್ಕೆ ಇಳಿಸಬಾರದು. ಟಿಂಡೇಲ್ 1531ರಲ್ಲಿ ಉತ್ತರ ಕೊಟ್ಟ: ಜನರ ಬಾಯಲ್ಲಿ ಚಾರಿಟಿ ಎಂದರೆ ಭಿಕ್ಷೆ ಬೇಡುವಾಗ, ಕರುಣೆ ತೋರುವಾಗ ಬರುವ ಮಾತು, ಗ್ರೀಕಿನ ಆ ಅರ್ಥ ಅದರಲ್ಲಿ ಉಳಿದಿಲ್ಲ.

ಇಬ್ಬರ ಮಾತೂ ಸರಿಯೇ ಎಂದು ನನಗನ್ನಿಸುತ್ತದೆ. ಆದರೆ ಕತೆ ಮುಗಿದ ಬಗೆಯನ್ನು ಕೇಳಿ. ಎಂಟನೆಯ ಹೆನ್ರಿಯ ಆಜ್ಞೆಗೆ ತಲೆಬಾಗದ ಮೋರ್‌ನ ಶಿರಚ್ಛೇದವಾದದ್ದು 1535ರಲ್ಲಿ. ಟಿಂಡೇಲ್‌ನನ್ನು ಬ್ರಸೆಲ್ಸ್ ಬಳಿ ಕತ್ತು ಬಿಗಿದು ಕೊಂದು ಸುಟ್ಟದ್ದು 1536ರಲ್ಲಿ. ಪ್ರೀತಿಗೆ ಯಾವ ಪದ ಸರಿ ಎಂದು ವಾದಿಸಿದ ಇಬ್ಬರೂ ಒಂದೇ ವರ್ಷದ ಅಂತರದಲ್ಲಿ ಕೊಲೆಗೀಡಾದರು. ಇಲ್ಲಿಗೆ ಬಂದಾಗ ತರಗತಿ ನಿಶ್ಶಬ್ದವಾಗುತ್ತದೆ. 1582ರ ಕಥೋಲಿಕ ಇಂಗ್ಲಿಷ್ ಹೊಸ ಒಡಂಬಡಿಕೆ 'ಚಾರಿಟಿ'ಯನ್ನೇ ಉಳಿಸಿಕೊಂಡಿತು. ಪ್ರಾಟೆಸ್ಟೆಂಟರ 1611ರ ಪ್ರಸಿದ್ಧ ಅನುವಾದವೂ ಆ ಅಧ್ಯಾಯದಲ್ಲಿ ಅದೇ ಪದವನ್ನು ಇಟ್ಟುಕೊಂಡಿತು. 1881ರ ಪರಿಷ್ಕರಣದಲ್ಲಿ 'ಲವ್' ಮರಳಿ ಬಂತು. 1966ರಲ್ಲಿ ಬಂದ ಕಥೋಲಿಕರ ಜೆರುಸಲೇಮ್ ಬೈಬಲ್ಲಿನಲ್ಲಿಯೂ ಟಿಂಡೇಲ್‌ನ ಪದವೇ ಕುಳಿತಿದೆ. ಕನ್ನಡದವರು ಈ ಗೊಂದಲದಿಂದ ಪಾರಾದರು. ಕನ್ನಡ ಬೈಬಲ್ಲಿನಲ್ಲಿ ಅಲ್ಲಿ ಇರುವುದು 'ಪ್ರೀತಿ', ನಮ್ಮ ಅಡುಗೆಮನೆಯ ಪದ. ನಮ್ಮ ಶಾಲೆಯ ರಿಜಿಸ್ಟರನ್ನು ಕನ್ನಡದಲ್ಲಿ ಬರೆದಿದ್ದರೆ ಗುಮಾಸ್ತರು ಏನೆಂದು ಓದುತ್ತಿದ್ದರೋ!

ಪದದ ಮಾತಾಯಿತು. ಕಥೋಲಿಕ ಬೋಧನೆ ಆ ಪದದೊಳಗೆ ಏನನ್ನು ತುಂಬಿತು ಎಂದು ನೋಡಬೇಕು. ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸ್ ಇದಕ್ಕೆ ಲೆಕ್ಕದ ಮೇಷ್ಟರಂತೆ ಉತ್ತರ ಕೊಟ್ಟವನು. ಪ್ರೀತಿಸುವುದೆಂದರೆ ಇನ್ನೊಬ್ಬರಿಗೆ ಒಳ್ಳೆಯದನ್ನು ಬಯಸುವುದು ಎಂಬ ಅರಿಸ್ಟಾಟಲನ ಮಾತನ್ನು ಅವನು ಎತ್ತಿಕೊಂಡ. ಕಾರಿತಾಸ್ ಎಂದರೆ ಮನುಷ್ಯ ದೇವರೊಡನೆ ಬೆಳೆಸುವ ಗೆಳೆತನ ಎಂದ. ಆ ಗೆಳೆತನ ನೆರೆಯವನಿಗೂ ಹರಡಬೇಕು, ಏಕೆಂದರೆ ಗೆಳೆಯನಿಗೆ ಸೇರಿದವರೆಲ್ಲ ನಮಗೂ ಬೇಕಾದವರು. ಇಲ್ಲಿ ಗಮನಿಸಬೇಕಾದ ವಿಷಯವೆಂದರೆ ಪ್ರೀತಿ ಅವನಿಗೆ ಬರಿಯ ಭಾವನೆಯಲ್ಲ. ಮನಸ್ಸು ಕರಗಲಿ ಬಿಡಲಿ, ಒಳಿತನ್ನು ಬಯಸಿ ಮಾಡುವ ನಿರ್ಧಾರವೇ ಪ್ರೀತಿ. 1547ರಲ್ಲಿ ಟ್ರೆಂಟ್ ಮಹಾಸಭೆ ಲೂಥರನಿಗೆ ಎದುರಾಗಿ, ವಿಶ್ವಾಸವೊಂದೇ ಸಾಲದು, ಪ್ರೀತಿ ಅದಕ್ಕೆ ಜೀವ ತುಂಬಬೇಕು ಎಂದು ತೀರ್ಮಾನಿಸಿದ್ದು ಈ ಪರಂಪರೆಯ ಮೇಲೆಯೇ.

ಪ್ರೀತಿ ಹೊರಗೆ ಕಾಣಿಸಿಕೊಳ್ಳುವ ಬಗೆಗಳನ್ನು ಅಕ್ವಿನಾಸ್ ಒಂದೊಂದಾಗಿ ಚರ್ಚಿಸುತ್ತಾನೆ. ಒಂದು ದಾನ. ಅದರ ಬೆನ್ನಿಗೇ ಬರುವ ಇನ್ನೊಂದು, ತಪ್ಪು ಮಾಡಿದವನನ್ನು ತಿದ್ದುವುದು. ದಾನದಲ್ಲಿಯೂ ಎರಡು ಬಗೆ. ಹಸಿದವರಿಗೆ ಅನ್ನ, ಬಾಯಾರಿದವರಿಗೆ ನೀರು, ಬಟ್ಟೆಯಿಲ್ಲದವರಿಗೆ ಬಟ್ಟೆ, ನೆಲೆಯಿಲ್ಲದವರಿಗೆ ನೆಲೆ, ರೋಗಿಗಳ ಭೇಟಿ, ಸೆರೆಯವರ ಬಿಡುಗಡೆ, ಸತ್ತವರಿಗೆ ಮಣ್ಣು, ಹೀಗೆ ದೇಹಕ್ಕೆ ಸಂಬಂಧಿಸಿದ ಏಳು. ಮನಸ್ಸಿಗೆ ಸಂಬಂಧಿಸಿದವೂ ಏಳು. ಅವುಗಳಲ್ಲಿ ತಿಳಿಯದವರಿಗೆ ಕಲಿಸುವುದು, ತಪ್ಪಿದವರನ್ನು ತಿದ್ದುವುದು, ನೋಯಿಸಿದವರನ್ನು ಕ್ಷಮಿಸುವುದು ಸೇರಿವೆ. ಈ ಪಟ್ಟಿಯನ್ನು ಮೊದಲ ಸಲ ಓದಿದಾಗ ನನಗೆ ನಗು ಬಂತು. ಬಾಲ್ಯದಲ್ಲಿ ನಾನು ಪಡೆದದ್ದು ಒಂದು ಬಗೆಯ ಚಾರಿಟಿ. ಸಂಬಳ ಪಡೆದು ಮೂವತ್ತು ವರ್ಷಗಳಿಂದ ನಾನು ಮಾಡುತ್ತಿರುವುದು ಇನ್ನೊಂದು ಬಗೆಯ ಚಾರಿಟಿ!

ನಗು ಬಹಳ ಹೊತ್ತು ಉಳಿಯಲಿಲ್ಲ. ಏಕೆಂದರೆ ತಿದ್ದುವುದು ಎಂಬ ಮಾತು ನನಗೊಂದು ಹಳೆಯ ಸಂಗತಿಯನ್ನು ನೆನಪಿಗೆ ತಂದಿತು.

1999ರಲ್ಲಿ ಎಂಟನೆಯ ತರಗತಿಯ ಒಬ್ಬ ಹುಡುಗನಿಗೆ ನಾನು ಬೆತ್ತದಿಂದ ಹೊಡೆದಿದ್ದೆ. ಭಾರತದ ನಕ್ಷೆ ಬಿಡಿಸಿ ನದಿಗಳನ್ನು ಗುರುತಿಸಿ ತರಲು ಹೇಳಿದ್ದೆ. ಇಬ್ಬರು ಹುಡುಗರ ನಕ್ಷೆಗಳಲ್ಲಿ ಗೋದಾವರಿ ಒಂದೇ ರೀತಿ ತಪ್ಪಾಗಿ ಹರಿದಿತ್ತು. ಒಬ್ಬ ವಕೀಲರ ಮಗ, ಚೆನ್ನಾಗಿ ಓದುವವನು. ಇನ್ನೊಬ್ಬ ಮೀನು ಮಾರುವಾಕೆಯ ಮಗ. ಯಾರು ಯಾರದನ್ನು ನೋಡಿ ಬರೆದಿರಬೇಕೆಂದು ನಾನು ಕ್ಷಣದಲ್ಲಿ ತೀರ್ಮಾನಿಸಿಬಿಟ್ಟೆ. ಎರಡೂ ಅಂಗೈಗೆ ಎರಡೆರಡು ಪೆಟ್ಟು. ಅವನು ಅಳಲಿಲ್ಲ, "ನಾನಲ್ಲ ಟೀಚರ್" ಎಂದು ಒಮ್ಮೆ ಹೇಳಿ ಸುಮ್ಮನಾದ. "ನಿನ್ನ ಒಳ್ಳೆಯದಕ್ಕೇ ಹೊಡೆಯುವುದು, ನನಗೇನು ದ್ವೇಷವೆ?" ಎಂದೆ. ಒಂದು ವಾರ ಕಳೆದ ಮೇಲೆ ವಕೀಲರ ಮಗ ತಾನಾಗಿಯೇ ಸ್ಟಾಫ್ ರೂಮಿಗೆ ಬಂದು, ನಕಲು ಮಾಡಿದ್ದು ತಾನೆಂದು ಹೇಳಿ ಅತ್ತ. ನಾನು ಅವನನ್ನು ಸಮಾಧಾನ ಮಾಡಿ ಕಳಿಸಿದೆ. ಪೆಟ್ಟು ತಿಂದವನಿಗೆ ಮಾತ್ರ ಏನೂ ಹೇಳಲಿಲ್ಲ. ಇಡೀ ತರಗತಿಯ ಮುಂದೆ ಟೀಚರ್ ಸಣ್ಣವಳಾಗುತ್ತಾಳಲ್ಲ ಎಂಬ ಅಳುಕು. ಇನ್ನೂ ಒಂದು ಸತ್ಯವಿದೆ. ಪೆಟ್ಟು ಕೊಟ್ಟ ದಿನ ಬೆಳಿಗ್ಗೆ ಮನೆಯಲ್ಲಿ ಮಾತಿಗೆ ಮಾತು ಬೆಳೆದು ನಾನು ಊಟದ ಡಬ್ಬಿಯನ್ನೂ ತಾರದೆ ಬಂದಿದ್ದೆ. ಬೆತ್ತದ ತುದಿಯಲ್ಲಿದ್ದುದು ಆ ಸಿಟ್ಟು, ಅವನ ಒಳಿತಲ್ಲ.

ಸಂತ ಅಗಸ್ಟೀನನ ಬಳಿಗೆ ನನ್ನನ್ನು ಕರೆದೊಯ್ದದ್ದು ಈ ಸಂಗತಿಯೇ ಇರಬೇಕು. ಕಥೋಲಿಕರ ಪ್ರೀತಿಯ ಬೋಧನೆಯಲ್ಲಿ ಪೌಲನ ನಂತರ ಅವನದೇ ದೊಡ್ಡ ಹೆಸರು. ಕ್ರಿಸ್ತಶಕ 354ರಲ್ಲಿ ಉತ್ತರ ಆಫ್ರಿಕಾದ ತಗಾಸ್ತೆಯಲ್ಲಿ, ಅಂದರೆ ಇಂದಿನ ಅಲ್ಜೀರಿಯಾದಲ್ಲಿ ಹುಟ್ಟಿದವನು. ಅವನ ಆತ್ಮನಿವೇದನೆಯ ಗ್ರಂಥದ ಆರಂಭದಲ್ಲಿ ಶಾಲೆಯ ಪೆಟ್ಟುಗಳ ನೆನಪಿದೆ. ಶಾಲೆಯಲ್ಲಿ ಪೆಟ್ಟು ಬೀಳದಿರಲೆಂದು ಪುಟ್ಟ ಹುಡುಗ ದೇವರನ್ನು ಬೇಡಿಕೊಳ್ಳುತ್ತಿದ್ದ, ಅವನ ಬಾಸುಂಡೆಗಳನ್ನು ಕಂಡು ದೊಡ್ಡವರು ನಗುತ್ತಿದ್ದರು. ನಲವತ್ತು ದಾಟಿ ಬಿಷಪ್ ಆದ ಮೇಲೂ ಅವನು ಆ ನಗುವನ್ನು ಮರೆತಿರಲಿಲ್ಲ. ಉಪಾಧ್ಯಾಯರೆಲ್ಲ ಓದಬೇಕಾದ ಪುಟಗಳು ಅವು.

ಅದೇ ಅಗಸ್ಟೀನ್ ಹಿಪ್ಪೊ ಪಟ್ಟಣದ ಬಿಷಪ್ಪನಾಗಿದ್ದಾಗ, ಸುಮಾರು 407ರಲ್ಲಿ, ಸಂತ ಯೊವಾನ್ನನ ಮೊದಲ ಪತ್ರದ ಮೇಲೆ ಹತ್ತು ಪ್ರವಚನಗಳನ್ನು ಕೊಟ್ಟ. ಪ್ರೀತಿಯೊಂದಿದ್ದರೆ ಸಾಕು, ಮಿಕ್ಕದ್ದನ್ನು ನಿನ್ನ ಇಷ್ಟದಂತೆ ಮಾಡು ಎಂಬ ಅರ್ಥದ ಅವನ ಜಗತ್ಪ್ರಸಿದ್ಧ ಮಾತು ಇರುವುದು ಏಳನೆಯ ಪ್ರವಚನದಲ್ಲಿ. ಕ್ಯಾಲೆಂಡರುಗಳ ಮೇಲೆ, ಗ್ರೀಟಿಂಗ್ ಕಾರ್ಡುಗಳ ಮೇಲೆ ಅದನ್ನು ಹೂವಿನ ಚಿತ್ರದೊಡನೆ ಅಚ್ಚು ಹಾಕುತ್ತಾರೆ. ಆದರೆ ಅಲ್ಲಿ ಅವನು ಕೊಡುವ ಉದಾಹರಣೆ ಹೂವಿನದಲ್ಲ. ತಂದೆ ಮಗನನ್ನು ಹೊಡೆಯುತ್ತಾನೆ, ಮಕ್ಕಳ ಕಳ್ಳ ಅದೇ ಹುಡುಗನನ್ನು ಮುದ್ದಿಸುತ್ತಾನೆ, ಕ್ರಿಯೆಯನ್ನು ನೋಡಬೇಡ, ಒಳಗಿನ ಬೇರನ್ನು ನೋಡು ಎನ್ನುತ್ತಾನೆ. ಮಾತು ನಿಜವೇ. ಆದರೆ ಬೆತ್ತ ಹಿಡಿದವರ ಕೈಗೆ ಇದಕ್ಕಿಂತ ಅನುಕೂಲವಾದ ಮಾತು ಬೇರೊಂದಿದೆಯೆ?

ಆಗ ಆಫ್ರಿಕಾದಲ್ಲಿ ದೊನಾತಿಸ್ಟರೆಂಬ ಕ್ರೈಸ್ತ ಪಂಗಡವಿತ್ತು. ಅವರು ಕಥೋಲಿಕ ಧರ್ಮಸಭೆಯಿಂದ ಬೇರೆಯಾಗಿದ್ದರು. ಮತದ ವಿಷಯದಲ್ಲಿ ಯಾರನ್ನೂ ಬಲವಂತ ಮಾಡಬಾರದು, ವಾದದಿಂದಲೇ ಒಲಿಸಬೇಕು ಎಂದು ಅಗಸ್ಟೀನ್ ಮೊದಲು ನಂಬಿದ್ದ. ಅವರನ್ನು ಅಡಗಿಸುವ ಸಾಮ್ರಾಟನ ಕಟ್ಟಳೆಗಳು 405ರಲ್ಲಿ ಬಂದವು. ಭಯದಿಂದ ಬಹಳ ಜನ ಮರಳಿ ಬಂದರು. ಫಲಿತಾಂಶ ಕಂಡು ಅಗಸ್ಟೀನನ ಮನಸ್ಸು ತಿರುಗಿತು. 408ರ ಸುಮಾರಿಗೆ ಬರೆದ ಪತ್ರವೊಂದರಲ್ಲಿ ಅವನು ಅದನ್ನು ಒಪ್ಪಿಕೊಳ್ಳುತ್ತಾನೆ: ತಪ್ಪುದಾರಿ ಹಿಡಿದವನನ್ನು ಹೆದರಿಸಿ ತಿರುಗಿಸುವುದೂ ಪ್ರೀತಿಯೇ. ಅವನು ಮರಣದಂಡನೆಯನ್ನು ವಿರೋಧಿಸಿದ ಎಂಬುದನ್ನೂ ಇಲ್ಲಿ ಹೇಳಬೇಕು. ಆದರೆ ಬಾಗಿಲು ತೆರೆದುಹೋಯಿತು. ಶಾಲೆಯ ಪೆಟ್ಟಿಗೆ ನಡುಗಿದ್ದ ಹುಡುಗ ದೊಡ್ಡವನಾಗಿ ದೊಡ್ಡವರ ಮಾತನ್ನೇ ಆಡಿದ.

ಆ ಬಾಗಿಲಿನಿಂದ ಮುಂದೆ ಏನೇನೋ ನಡೆದುಹೋದವು. 1685ರಲ್ಲಿ ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ಪ್ರಾಟೆಸ್ಟೆಂಟರಿಗಿದ್ದ ರಕ್ಷಣೆಯನ್ನು ರದ್ದು ಮಾಡಿದಾಗ, ಅದನ್ನು ಸಮರ್ಥಿಸಲು ಅಲ್ಲಿನ ಚರ್ಚಿನವರು ಅಗಸ್ಟೀನನ ಇವೇ ಪತ್ರಗಳನ್ನು ಫ್ರೆಂಚಿನಲ್ಲಿ ಅಚ್ಚು ಹಾಕಿಸಿದರು. ನಮ್ಮ ಹತ್ತಿರದ ಗೋವೆಯಲ್ಲಿ 1560ರಿಂದ 1812ರವರೆಗೆ, ನಡುವೆ ಕೆಲವು ಕಾಲ ನಿಂತು, ಇನ್‌ಕ್ವಿಸಿಷನ್ ಎಂಬ ಧಾರ್ಮಿಕ ನ್ಯಾಯಾಲಯ ನಡೆಯಿತು. ಆತ್ಮಗಳ ಒಳಿತಿಗೇ ಎಂಬುದು ಅದರ ಹೇಳಿಕೆ. ಅದರ ಹೊಡೆತ ಹೆಚ್ಚಾಗಿ ಬಿದ್ದದ್ದು ಹೊಸದಾಗಿ ಕ್ರೈಸ್ತರಾದವರ ಮೇಲೆ. ಮನೆಯಲ್ಲಿ ಹಳೆಯ ಆಚಾರ ಇಟ್ಟುಕೊಂಡವರನ್ನು ಹುಡುಕಿ ಶಿಕ್ಷಿಸಿದರು. ಬರ, ಯುದ್ಧ, ತೆರಿಗೆಗಳ ಜೊತೆಗೆ ಈ ಭಯವೂ ಸೇರಿ ಎಷ್ಟೋ ಕೊಂಕಣಿ ಕ್ರೈಸ್ತ ಕುಟುಂಬಗಳು ದಕ್ಷಿಣಕ್ಕೆ ಬಂದು ಕೆನರಾದಲ್ಲಿ ನೆಲೆನಿಂತವು. ನನ್ನೊಡನೆ ಒಂದೇ ಬೆಂಚಿನಲ್ಲಿ ಕುಳಿತವರ ಹಿರಿಯರೂ ಹಾಗೆ ಬಂದವರೇ. ಪ್ರೀತಿಯ ಹೆಸರಿನ ಬೆತ್ತಕ್ಕೆ ಹೆದರಿ ಬಂದವರ ಮಕ್ಕಳು ನನಗೆ ತಮ್ಮ ಬುತ್ತಿಯ ಅರ್ಧ ಇಡ್ಲಿ ಕೊಟ್ಟಿದ್ದಾರೆ.

ಧರ್ಮಸಭೆ ತನ್ನ ಮಾತನ್ನು ತಾನೇ ತಿದ್ದಿಕೊಂಡದ್ದು ಬಹಳ ತಡವಾಗಿ. 1965ರ ಡಿಸೆಂಬರ್ 7ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯನ್ನು ಹೊರಡಿಸಿ, ವಿಶ್ವಾಸದ ವಿಷಯದಲ್ಲಿ ಯಾರನ್ನೂ ಬಲವಂತಪಡಿಸಬಾರದೆಂದು ಸಾರಿತು. ಅದು ಆಗ ಅಗಸ್ಟೀನನ ಮೊದಲ ನಂಬಿಕೆಗೆ ಮರಳಿತೆಂದು ಹೇಳಬಹುದು. 2000ದ ಮಾರ್ಚ್ 12ರಂದು ಪೋಪ್ ಎರಡನೆಯ ಜಾನ್ ಪಾಲ್ ರೋಮಿನಲ್ಲಿ ಬಹಿರಂಗವಾಗಿ ಕ್ಷಮೆ ಬೇಡಿದರು. ಸತ್ಯದ ಸೇವೆಯ ಹೆಸರಿನಲ್ಲಿ ನಡೆದ ಹಿಂಸೆಯೂ ಆ ಪಟ್ಟಿಯಲ್ಲಿತ್ತು. ಒಂದು ದೊಡ್ಡ ಸಂಸ್ಥೆ ಲೋಕದೆದುರು ತಪ್ಪಾಯಿತೆಂದು ಹೇಳಿದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗ, ಒಬ್ಬ ಹುಡುಗನ ಎದುರು ಅದೇ ಮಾತನ್ನು ಹೇಳಲಾಗದ ನನಗೆ ನಾಚಿಕೆಯಾಯಿತು. ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸಿದ ಶಿಕ್ಷಣ ಹಕ್ಕು ಕಾಯಿದೆ ಜಾರಿಗೆ ಬಂದದ್ದು 2010ರ ಏಪ್ರಿಲ್ ಒಂದರಂದು. ಅದಕ್ಕೂ ಮೊದಲೇ ನಾನು ಬೆತ್ತ ಬಿಟ್ಟಿದ್ದೆ. ಆದರೆ ಬಿಟ್ಟದ್ದಷ್ಟೇ, ಒಪ್ಪಿಕೊಂಡಿರಲಿಲ್ಲ.

ಗಂಡಹೆಂಡಿರ ಪ್ರೀತಿಯ ವಿಷಯದಲ್ಲಿಯೂ ಇಂಥದೇ ಒಂದು ನಿಧಾನದ ನಡಿಗೆ ಕಾಣುತ್ತದೆ. 1917ರ ಧರ್ಮಸಭೆಯ ಕಾನೂನು ಸಂಹಿತೆ ಮದುವೆಯ ಮೊದಲ ಉದ್ದೇಶ ಮಕ್ಕಳನ್ನು ಹೆತ್ತು ಬೆಳೆಸುವುದು ಎಂದಿತು. ಪರಸ್ಪರ ನೆರವು ಮತ್ತು ಕಾಮದ ಹತೋಟಿ ಎರಡನೆಯ ಸ್ಥಾನದಲ್ಲಿದ್ದವು. ಪ್ರೀತಿಯ ಹೆಸರೇ ಅಲ್ಲಿಲ್ಲ. 1965ರ ಮಹಾಸಭೆ ಮದುವೆಯನ್ನು ಪ್ರೀತಿಯ ಸಹಬಾಳ್ವೆ ಎಂದು ಬಣ್ಣಿಸಿತು. 2005ರ ಕ್ರಿಸ್ಮಸ್ ದಿನಾಂಕದ ತಮ್ಮ ಮೊದಲ ವಿಶ್ವಪತ್ರದಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟ್, ಬಯಸುವ ಎರೋಸ್ ಮತ್ತು ಕೊಡುವ ಅಗಾಪೆ ಎರಡನ್ನೂ ಪೂರ್ತಿಯಾಗಿ ಬೇರ್ಪಡಿಸಲಾಗದೆಂದು ಬರೆದರು. ಕೊಡುತ್ತಲೇ ಇರುವವನೂ ಎಂದಾದರೊಮ್ಮೆ ಪಡೆಯಬೇಕು ಎಂಬುದು ಅವರ ವಾದ. ಮನೆ ನಡೆಸಿದ ಹೆಂಗಸರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೂ ಬರವಣಿಗೆಯಲ್ಲಿ ಬಂದದ್ದು ಒಳ್ಳೆಯದೇ ಆಯಿತು.

ಮತ್ತೆ ನನ್ನ ರಿಜಿಸ್ಟರಿಗೆ ಬರುತ್ತೇನೆ. ಬೆತ್ತಕ್ಕೆ ಅನುಕೂಲವಾದ ಏಳನೆಯ ಪ್ರವಚನದ ಮರುಪುಟದಲ್ಲೇ ಅಗಸ್ಟೀನನ ಎಂಟನೆಯ ಪ್ರವಚನವಿದೆ. ಹಸಿದವನಿಗೆ ರೊಟ್ಟಿ ಕೊಡುವುದು ಒಳ್ಳೆಯದು, ಆದರೆ ಯಾರೂ ಹಸಿಯದೆ, ಯಾರಿಗೂ ಕೊಡಬೇಕಾಗದೆ ಇರುವುದು ಅದಕ್ಕಿಂತ ಒಳ್ಳೆಯದು ಎಂದು ಅಲ್ಲಿ ಅವನು ಹೇಳುತ್ತಾನೆ. ಕೊಡುವವನ ಮನಸ್ಸಿನಲ್ಲಿ ಪಡೆಯುವವನಿಗಿಂತ ಮೇಲೇರುವ ಆಸೆ ಅಡಗಿರಬಹುದು, ಅವನು ನಿನಗೆ ಸಮಾನನಾಗಲೆಂದು ಹಾರೈಸು ಎಂದೂ ಎಚ್ಚರಿಸುತ್ತಾನೆ. ನಮ್ಮ ಶರಣರು ದಾನ ಎನ್ನದೆ ದಾಸೋಹ ಎಂದದ್ದರ ಹಿಂದೆಯೂ ಇದೇ ಎಚ್ಚರವಿತ್ತಲ್ಲವೆ? ಕೊಟ್ಟೆನೆಂಬ ಅಹಂಕಾರ ಹುಟ್ಟಿದರೆ ಕೊಟ್ಟದ್ದೇ ಕೆಟ್ಟಿತು. 1931ರಲ್ಲಿ ಪೋಪ್ ಹನ್ನೊಂದನೆಯ ಪಯಸ್ ಇದನ್ನೇ ಕೂಲಿಕಾರರ ವಿಷಯಕ್ಕೆ ಹೊಂದಿಸಿ, ಸಲ್ಲಬೇಕಾದ ನ್ಯಾಯವನ್ನು ತಡೆಹಿಡಿದು ಅದರ ಬದಲಿಗೆ ದಾನ ಕೊಟ್ಟರೆ ಅದು ಸಲ್ಲದು ಎಂದರು. ಕೆಲಸ ಕಳೆದುಕೊಂಡ ಹಂಚಿನ ಕಾರ್ಖಾನೆಯ ಕಾರ್ಮಿಕನ ಮಗಳು ಈ ಮಾತನ್ನು ಎರಡು ಸಲ ಓದಿದ್ದಾಳೆ.

ಬರಹದಲ್ಲಿರುವುದು ಬದುಕಿನಲ್ಲಿ ಬಂದದ್ದುಂಟೆ ಎಂದು ಕೇಳಿದರೆ, ದೂರ ಹೋಗಬೇಕಾಗಿಲ್ಲ. 1878ರ ಕೊನೆಗೆ ಮಂಗಳೂರಿಗೆ ಬಂದ ಜೆಸ್ವಿತ್ ಗುರುಗಳಲ್ಲಿ ಜರ್ಮನಿಯ ಅಗಸ್ಟಸ್ ಮುಲ್ಲರ್ ಒಬ್ಬರು. 1880ರಲ್ಲಿ ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧಿ ಕೊಡತೊಡಗಿದರು. 1890ರಲ್ಲಿ ಕುಷ್ಠರೋಗಿಗಳಿಗೆಂದು ಆಶ್ರಯ ಕಟ್ಟಿದರು. ಆ ರೋಗವನ್ನು ಗುಣಪಡಿಸುವ ಮದ್ದು ಆಗ ಲೋಕದಲ್ಲೇ ಇರಲಿಲ್ಲ, ಡ್ಯಾಪ್ಸೋನ್ ಬಳಕೆಗೆ ಬಂದದ್ದು 1940ರ ದಶಕದಲ್ಲಿ. ಗುಣವಾಗುವುದಿಲ್ಲವೆಂದು ತಿಳಿದೂ ಜೊತೆಗಿರುವುದೇ ಅಲ್ಲಿ ಚಿಕಿತ್ಸೆಯಾಗಿತ್ತು. 1910ರಲ್ಲಿ ಅವರು ತೀರಿಕೊಂಡರು. ಇವತ್ತು ಅವರ ಹೆಸರಿನಲ್ಲಿ ದೊಡ್ಡ ಆಸ್ಪತ್ರೆಯೇ ಇದೆ. ಬೆಲ್ಜಿಯಮ್ಮಿನ ಫಾದರ್ ಡೇಮಿಯನ್ 1873ರಲ್ಲಿ ಹವಾಯಿಯ ಮೊಲೊಕಾಯ್ ದ್ವೀಪದ ಕುಷ್ಠರೋಗಿಗಳ ನಡುವೆ ಹೋಗಿ ನೆಲೆಸಿ, ಅದೇ ರೋಗದಿಂದ 1889ರಲ್ಲಿ ಸತ್ತರು. ರೋಗ ತಗಲುವುದಕ್ಕೆ ಮೊದಲೇ ಅವರು ಪ್ರವಚನದಲ್ಲಿ 'ನೀವು' ಎನ್ನದೆ 'ನಾವು' ಎನ್ನುತ್ತಿದ್ದರಂತೆ. ವ್ಯಾಕರಣ ಕಲಿಸುವವರು ಸರ್ವನಾಮಗಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕಬೇಕಾಗಿಲ್ಲ.

ನನಗೆ ಮಾತ್ರ ಇನ್ನೂ ಸಣ್ಣದೊಂದು ಉದಾಹರಣೆ ಗೊತ್ತು. ಒಂಬತ್ತನೆಯ ತರಗತಿಯಲ್ಲಿದ್ದಾಗ ಟೈಫಾಯಿಡ್ ಬಂದು ನಾನು ಒಂದು ತಿಂಗಳು ಶಾಲೆಗೆ ಹೋಗಲಿಲ್ಲ. ಒಂದು ಸಂಜೆ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಮಳೆಯಲ್ಲಿ ನೆನೆದುಕೊಂಡು ಮನೆಗೆ ಬಂದರು. ಕೂರಿಸಲು ಕುರ್ಚಿಯಿರಲಿಲ್ಲ. ಅಮ್ಮ ಗಾಬರಿಯಿಂದ ಚಾಪೆ ಹುಡುಕುವಷ್ಟರಲ್ಲಿ ಅವರು ಸಗಣಿ ಸಾರಿಸಿದ ನೆಲದಲ್ಲೇ ಕುಳಿತು ಬೀಡಿ ಸೂಪನ್ನು ಹತ್ತಿರಕ್ಕೆ ಎಳೆದುಕೊಂಡು, "ಇದನ್ನು ಹೇಗೆ ಕಟ್ಟುವುದು, ನನಗೂ ಸ್ವಲ್ಪ ಕಲಿಸಿಯಮ್ಮ" ಎಂದರು. ಎಲೆ ಹರಿಯಿತು, ಹೊಗೆಸೊಪ್ಪು ಚೆಲ್ಲಿತು. ಮೂರನೆಯದನ್ನು ಕಟ್ಟಿದಾಗ ಅಮ್ಮ ಬಾಯಿಗೆ ಸೆರಗು ಹಿಡಿದು ನಕ್ಕರು. "ಇಷ್ಟು ದಪ್ಪದ್ದನ್ನು ಡಿಪೋದಲ್ಲಿ ತೆಗೆದುಕೊಳ್ಳುವುದಿಲ್ಲ ಸಿಸ್ಟರ್" ಎಂದರು. ಅಪ್ಪನ ಕೆಲಸ ಹೋದ ಮೇಲೆ ಅಮ್ಮ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ಸಂಜೆ ಅಮ್ಮ ಕಲಿಸುವವರು, ಸಿಸ್ಟರ್ ಕಲಿಯುವವರು. ಅದರ ಬಗ್ಗೆ ಯಾವ ರಿಜಿಸ್ಟರಿನಲ್ಲಿಯೂ ಯಾರೂ ಏನೂ ಬರೆಯಲಿಲ್ಲ. ನಾನು ಮರಳಿ ಶಾಲೆಗೆ ಹೋದ ತಿಂಗಳಿನಿಂದ ಗುಮಾಸ್ತರು ತರಗತಿಯಲ್ಲಿ ಹೆಸರು ಕೂಗುವುದು ನಿಂತಿತ್ತು. ಅದಕ್ಕೂ ಇದಕ್ಕೂ ಸಂಬಂಧವಿತ್ತೆ ಎಂದು ನಾನು ಕೇಳಲಿಲ್ಲ. ಸಿಸ್ಟರ್ ಈಗ ಇಲ್ಲ, ಅಮ್ಮನೂ ಇಲ್ಲ.

ನಕ್ಷೆಯ ಹುಡುಗನ ಮಾತು ಬಾಕಿಯಿದೆ. ಕೆಲವು ವರ್ಷಗಳ ಹಿಂದೆ ನಾನು ಹತ್ತಿದ ಒಂದು ಖಾಸಗಿ ಬಸ್ಸಿನಲ್ಲಿ ಅವನೇ ಕಂಡಕ್ಟರ್. ನಾನು ಗುರುತು ಹಿಡಿಯುವ ಮೊದಲೇ ಅವನು ನನ್ನನ್ನು ಗುರುತಿಸಿ, ಎದುರು ಸೀಟಿನ ಹುಡುಗನನ್ನು ಎಬ್ಬಿಸಿ ಜಾಗ ಮಾಡಿಸಿದ. ಟಿಕೆಟ್ಟಿಗೆ ಹಣ ಕೊಡಹೋದರೆ ತೆಗೆದುಕೊಳ್ಳಲಿಲ್ಲ. "ನೀವು ಅಂದು ನಾಲ್ಕು ಪೆಟ್ಟು ಕೊಟ್ಟದ್ದರಿಂದಲೇ ನಾವು ಸರಿಯಾದದ್ದು ಟೀಚರ್" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಬಸ್ಸಿನಲ್ಲಿದ್ದವರು ನನ್ನತ್ತ ಗೌರವದಿಂದ ನೋಡಿದರು. ಉಪಾಧ್ಯಾಯರಿಗೆ ಇದಕ್ಕಿಂತ ದೊಡ್ಡ ಸನ್ಮಾನ ಬೇಕೆ ಎಂದು ಬೇರೆಯವರು ಬರೆದದ್ದನ್ನು ನಾನೂ ಓದಿದ್ದೇನೆ. ನನಗೆ ಮಾತ್ರ ಅದು ಕೆಂಪು ಶಾಯಿಯ ಹಾಗೆ ಕಂಡಿತು. ಆ ದಿನ ಏನೂ ಹೇಳದೆ ಇಳಿದುಬಿಟ್ಟೆ.

ಅಕ್ವಿನಾಸ್ ತಿದ್ದುವಿಕೆಯ ಬಗ್ಗೆ ಬರೆಯುತ್ತ, ಕೆಳಗಿನವರೂ ಮೇಲಿನವರನ್ನು ಗೌರವದಿಂದ ತಿದ್ದಬಹುದು ಎನ್ನುತ್ತಾನೆ. ನನ್ನ ಹುಡುಗ ತಿದ್ದುವ ಹಾಗಿರಲಿಲ್ಲ. ಅವನು ಆಗಲೇ ಕ್ಷಮಿಸಿ, ಪೆಟ್ಟಿಗೆ ಒಂದು ಒಳ್ಳೆಯ ಅರ್ಥವನ್ನೂ ತಾನೇ ಹುಡುಕಿಕೊಂಡಿದ್ದ. ತಿದ್ದಿಕೊಳ್ಳುವ ಕೆಲಸ ನನ್ನ ಪಾಲಿಗೇ ಉಳಿದಿತ್ತು. ಎರಡು ವಾರ ಕಳೆದು ಅದೇ ಹೊತ್ತಿನ ಬಸ್ಸಿಗೆ ಕಾದು ಹತ್ತಿದೆ. ಜನ ಕಡಿಮೆಯಾದ ಮೇಲೆ ಅವನನ್ನು ಕರೆದು ಹೇಳಿದೆ: "ಆ ನಕ್ಷೆ ನೀನು ನಕಲು ಮಾಡಿದ್ದಲ್ಲ ಎಂದು ನನಗೆ ಮರುವಾರವೇ ಗೊತ್ತಾಗಿತ್ತು. ನಿನ್ನ ಒಳ್ಳೆಯದಕ್ಕೆ ಹೊಡೆದದ್ದೂ ಅಲ್ಲ, ಅಂದು ನನಗೆ ಬೇರೆ ಸಿಟ್ಟಿತ್ತು. ತಪ್ಪಾಯಿತು."

ಅವನು ಸ್ವಲ್ಪ ಹೊತ್ತು ಕಂಬಿ ಹಿಡಿದುಕೊಂಡು ಹೊರಗೆ ನೋಡುತ್ತ ನಿಂತ. "ಅಮ್ಮನಿಗೆ ಹೇಳಿದ್ದೆ ನಾನಲ್ಲ ಅಂತ. ಅವರು ನಂಬಿರಲಿಲ್ಲ" ಎಂದ. ಮತ್ತೇನೂ ಹೇಳಲಿಲ್ಲ. ಮುಂದಿನ ಸ್ಟಾಪಿನಲ್ಲಿ ಜನ ಹತ್ತಿದರು, ಅವನು ಟಿಕೆಟ್ ಕೊಡುತ್ತ ಹಿಂದಕ್ಕೆ ಹೋಗಿ ಮರಳಿ ಬಂದ. ನಾನು ಇಪ್ಪತ್ತು ರೂಪಾಯಿಯ ನೋಟು ಮುಂದೆ ಹಿಡಿದೆ. ಈ ಸಲ ಅವನು ಅದನ್ನು ತೆಗೆದುಕೊಂಡ. ಟಿಕೆಟ್ ಹರಿದು, ಉಳಿದ ಚಿಲ್ಲರೆಯನ್ನು ಎಣಿಸಿ ನನ್ನ ಅಂಗೈಯಲ್ಲಿಟ್ಟ.